ಕಲ್ಲಿನ ಮೇಲಿನ ಹಳದಿ ಗೆರೆ

ಫೆಬ್ರವರಿ 3

ಬೀಗರಿಗೆ ನಿಮ್ಮ ಬೀಗಿತ್ತಿಯ ನಮಸ್ಕಾರ.

ಈ ಲಕೋಟೆಯಲ್ಲಿ ಎರಡು ಕಾಗದಗಳಿವೆ. ಅಚ್ಚಾದದ್ದು ನಮ್ಮ ಕಚೇರಿಯದು, ಕೈಬರಹದ್ದು ನನ್ನದು. ಅಚ್ಚಾದ ಕಾಗದ ಬಂದರೆ ನೀವು ಓದದೆ ಚಹಾ ಲೋಟದ ಕೆಳಗೆ ಇಡುತ್ತೀರಿ ಎಂದು ನಿಮ್ಮ ಸೊಸೆ, ಅಂದರೆ ನನ್ನ ಮಗಳು, ಮೊದಲೇ ಎಚ್ಚರಿಸಿದ್ದಾಳೆ. ಅದಕ್ಕೇ ಇದನ್ನೂ ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ಆಯುಷ್ಯವೆಲ್ಲ ಮಣ್ಣು ಅಗೆಯುವ ಮಷಿನ್ನಿನ ಮೇಲೆ ಕೂತ ನಿಮ್ಮ ಕಿವಿಗೆ ನಾನು ಕೂಗಿ ಹೇಳಿದರೆ, ಅದು ನಿಮ್ಮೊಬ್ಬರನ್ನು ಬಿಟ್ಟು ನಮ್ಮ ಬೀದಿಗೆಲ್ಲ ಕೇಳಿಸುತ್ತದೆ. ಹೋದ ಸಲ ಪಕ್ಕದ ಮನೆಯಾಕೆ ಬಂದು, ನಿಮ್ಮ ಬೀಗರ ಮಂಡಿನೋವು ಈಗ ವಾಸಿಯೇ ಎಂದು ವಿಚಾರಿಸಿದಳು.

ವಿಷಯಕ್ಕೆ ಬರುತ್ತೇನೆ. ನೀರಿನ ಕಚೇರಿಯಿಂದ ನನ್ನನ್ನು ಎತ್ತಿ ಹೊಸದೊಂದು ಕೋಣೆಯಲ್ಲಿ ಕೂರಿಸಿದ್ದಾರೆ. ನೀರು, ಕರೆಂಟು, ಗ್ಯಾಸು, ಫೋನು, ಈ ನಾಲ್ಕೂ ಕಡೆಯವರು ಸೇರಿ ಮಾಡಿದ ಕೋಣೆ ಇದು. ನಮ್ಮೂರು, ನಿಮ್ಮೂರು, ಸುತ್ತಮುತ್ತಲ ಊರುಗಳಲ್ಲಿ ಎಲ್ಲೇ ರಸ್ತೆ ಅಗೆಯುವಾಗ ನೆಲದೊಳಗಿನ ಪೈಪಿಗೋ ಕೇಬಲ್ಲಿಗೋ ಏಟು ಬಿದ್ದರೂ, ಎಲ್ಲಿ ಬಿತ್ತು, ಹೇಗೆ ಬಿತ್ತು, ನೆಲ ಹೇಗಿತ್ತು ಎಂಬುದನ್ನು ಒಂದೇ ಕಡೆ ಕೂಡಿಹಾಕಿ ಎಲ್ಲರಿಗೂ ತೋರಿಸುವುದು ನಮ್ಮ ಕೆಲಸ. ಇಲ್ಲಿಯತನಕ ನೀರಿನವರ ಏಟು ನೀರಿನವರ ಬೀರುವಿನಲ್ಲಿ, ಗ್ಯಾಸಿನವರದು ಗ್ಯಾಸಿನವರ ಬೀರುವಿನಲ್ಲಿ ಭದ್ರವಾಗಿ ಮಲಗಿತ್ತು. ಒಬ್ಬರ ಏಟಿನಿಂದ ಇನ್ನೊಬ್ಬರು ಕಲಿತದ್ದಿಲ್ಲ.

ಅಗೆಯುವವರೇ ಹೇಳದಿದ್ದರೆ ಈ ಕೆಲಸ ಆಗದು. ಆದರೆ ಯಾವ ಕಂಟ್ರಾಕ್ಟರೂ ಈವರೆಗೆ ಒಂದು ಸಾಲು ಬರೆದು ಕಳಿಸಿಲ್ಲ. ಕೋಣೆಯಲ್ಲಿ ನಾನು, ಒಂದು ಕಂಪ್ಯೂಟರು, ಒಂದು ಫ್ಯಾನು. ಮೂರರಲ್ಲಿ ಕೆಲಸ ಮಾಡುತ್ತಿರುವುದು ಫ್ಯಾನು ಮಾತ್ರ. ನೀವಾದರೂ ಶುರು ಮಾಡಿ. ಡಿಸೆಂಬರಿನಲ್ಲಿ ನಿಮ್ಮ ಮಗನ ಕೈಯಿಂದ ಗ್ಯಾಸ್ ಪೈಪಿಗೆ ಬಿದ್ದ ಏಟಿನ ವಿವರ ಕಳಿಸಿ. ಹೆಸರು ಬೇಡ.

ಅಳಿಯಂದಿರು ಅವತ್ತಿನಿಂದ ಮಷಿನ್ ಹತ್ತಿಲ್ಲವಂತೆ. ಮಗಳು ಹೇಳಿದಳು. ಅವಳು ಅದನ್ನು ನಗುತ್ತಾ ಹೇಳಲಿಲ್ಲ.

ಎಲ್ಲರ ಆರೋಗ್ಯ ಬಯಸುವ,
ನಿಮ್ಮ ಬೀಗಿತ್ತಿ


ಫೆಬ್ರವರಿ 19

ಬೀಗಿತ್ತಿಯವರಿಗೆ ನಮಸ್ಕಾರಗಳು.

ಅಚ್ಚಾದ ಕಾಗದವನ್ನು ಪೂರ್ತಿ ಓದಿದೆ. ಚಹಾ ಲೋಟವನ್ನು ಆಮೇಲೇ ಇಟ್ಟೆ.

ನೀವು ಕೇಳಿದ್ದು ಕೊಡಲು ನನ್ನಿಂದಾಗದು, ಬೇಸರ ಮಾಡಿಕೊಳ್ಳಬೇಡಿ. ನಾನು ಈ ಊರಿನಲ್ಲಿ ಅಗೆಯದ ಬೀದಿಯಿಲ್ಲ. ನನ್ನ ಕೈಯಲ್ಲಿ ಒಂದು ಪೈಪು ಒಡೆದದ್ದಿಲ್ಲ, ಒಂದು ತಂತಿ ತುಂಡಾದದ್ದಿಲ್ಲ. ಅದೇ ನನ್ನ ಬೋರ್ಡು, ಅದೇ ನನ್ನ ವಿಳಾಸ. ಆ ಹೆಸರನ್ನು ನಿಮ್ಮ ಅಳಿಯ ಒಂದು ಬೆಳಗಿನ ಹೊತ್ತಿನಲ್ಲಿ ಕಳೆದ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಅದನ್ನು ಮತ್ತೆ ನಾನೇ ಕಾಗದದಲ್ಲಿ ಬರೆದು ನಾಲ್ಕು ಇಲಾಖೆಯವರಿಗೆ ಹಂಚಬೇಕೇ?

ನಡೆದದ್ದನ್ನು ನಿಮಗೆ ಬೀಗಿತ್ತಿ ಎಂದು ಹೇಳುತ್ತೇನೆ, ಕಚೇರಿ ಎಂದಲ್ಲ. ಬೇಕರಿ ಇರುವ ಬೀದಿಯಲ್ಲಿ ಕೆಲಸ. ಗ್ಯಾಸಿನವರು ತಮ್ಮ ಹುಡುಕುವ ಯಂತ್ರ ಹಿಡಿದು ನಡೆದು, ಪೈಪು ಹೋಗಿರುವ ಕಡೆ ಫುಟ್‌ಪಾತಿನ ಮೇಲೆ ಹಳದಿ ಬಣ್ಣದ ಗೆರೆ ಎಳೆದಿದ್ದರು. ಗೆರೆಯಿಂದ ಒಂದು ಮಾರು ಬಿಟ್ಟು ಅಗೆಯಬೇಕು, ಇದು ಮಷಿನ್ನಿಗೆ ಎಣ್ಣೆ ಒರೆಸುವವನಿಗೂ ಗೊತ್ತು. ಮಷಿನ್ನಿನ ಬಕೆಟ್ ಹಾಕಿದ್ದೇ ತಡ, ಬುಸ್ ಎಂದು ಗ್ಯಾಸು ಬಂತು. ಬೀದಿಯನ್ನೆಲ್ಲ ಖಾಲಿ ಮಾಡಿಸಿದರು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಗ್ಯಾಸಿನವರು, ಗೆರೆಯ ಮೇಲೇ ಅಗೆದಿದ್ದಾನೆ ಎಂದರು. ಇವನು, ಒಂದು ಮಾರು ಬಿಟ್ಟೇ ಅಗೆದೆ ಎಂದ. ಪೈಪು ಸರಿಮಾಡುವ ಗಡಿಬಿಡಿಯಲ್ಲಿ ಸುತ್ತಲ ಕಲ್ಲನ್ನೆಲ್ಲ ಕಿತ್ತರು, ಅಳೆದು ನೋಡಲು ಗೆರೆಯೇ ಉಳಿಯಲಿಲ್ಲ. ನಾನು ಎಲ್ಲರೆದುರಿಗೆ, "ಕಣ್ಣು ಮನೇಲಿಟ್ಟು ಬಂದಿದ್ಯಾ?" ಅಂದೆ. ಅವನು ಮಷಿನ್ನಿನಿಂದ ಇಳಿದ. ಅಷ್ಟೇ.

ಈಗ ಮಷಿನ್ನಿಗೆ ಗ್ರೀಸ್ ಹಾಕುತ್ತಾನೆ, ಟೈರ್ ನೋಡುತ್ತಾನೆ, ಗುದ್ದಲಿ ಹಿಡಿದು ಕೂಲಿಯವರ ಜೊತೆ ಅಗೆಯುತ್ತಾನೆ. ಸೀಟಿನ ಮೇಲೆ ಮಾತ್ರ ಕೂರುವುದಿಲ್ಲ. ಕೂರುವುದು ನಾನು, ಈ ಮಂಡಿ ಇಟ್ಟುಕೊಂಡು. ಅವನ ಕೈಯಷ್ಟು ಹದವಾದ ಕೈ ನನ್ನ ತಂಡದಲ್ಲಿ ಇನ್ನೊಂದಿಲ್ಲ ಎಂಬುದೂ ನಿಮಗೆ ಗೊತ್ತಿರಲಿ. ಬಕೆಟ್ಟಿನ ಹಲ್ಲಿನಿಂದ ಮಗುವಿನ ಟೊಪ್ಪಿಗೆ ಎತ್ತುವವನು ಅವನು.

ಸೊಸೆ ಚೆನ್ನಾಗಿದ್ದಾಳೆ. ನನ್ನ ಜೊತೆ ಸನ್ನೆಯಲ್ಲೇ ಜಗಳ ಆಡುವಷ್ಟು ಪಳಗಿದ್ದಾಳೆ.

ಇಲ್ಲ ಎಂದದ್ದಕ್ಕೆ ಕ್ಷಮೆ ಇರಲಿ,
ನಿಮ್ಮ ಬೀಗ


ಮಾರ್ಚ್ 2

ಬೀಗರೇ,

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಕಳ್ಳ ಯಾರು ಎಂದು ಕೇಳಲೇ ಇಲ್ಲ, ನೀವಾಗಲೇ ಹೆಗಲು ಮುಟ್ಟಿಕೊಂಡಿರಿ. ನಿಮ್ಮೊಬ್ಬರ ಮಾತಲ್ಲ ಇದು, ಎಲ್ಲ ಕಂಟ್ರಾಕ್ಟರುಗಳದ್ದೂ ಇದೇ ರಾಗ. ಒಬ್ಬರಂತೂ ನಮ್ಮ ಕಾಗದವನ್ನು ಹಾಗೇ ಮಡಿಸಿ, ನಮ್ಮದು ಶುದ್ಧ ಕೈ ಎಂದು ಮೇಲೆ ಬರೆದು ವಾಪಸ್ ಕಳಿಸಿದ್ದಾರೆ. ಅವರ ಕೈಯಿಂದ ನಮ್ಮ ಬೀದಿಯ ನೀರು ಎರಡು ಸಲ ನಿಂತದ್ದು ನನಗೆ ನೆನಪಿದೆ.

ನಾವು ಕೇಳುವುದು ಮೂರೇ ಮಾತು. ಯಾವ ಬೀದಿ, ಒಳಗಿದ್ದದ್ದು ಏನು, ಮೇಲಿನ ನೆಲ ಎಂಥದು: ಮಣ್ಣೋ, ಟಾರೋ, ಹಾಸುಗಲ್ಲೋ. ಅಗೆದವನು ಯಾರ ಮಗ, ಯಾರ ಅಳಿಯ ಎಂದು ಕೇಳಲು ಕಾಗದದಲ್ಲಿ ಜಾಗವೇ ಇಲ್ಲ. ಆ ಜಾಗ ಬೇಕು ಎಂದು ಗ್ಯಾಸಿನವರು ಬಹಳ ಹಟ ಹಿಡಿದರು. ಬೈಯುವುದಕ್ಕೆ ನಿಮ್ಮ ಹತ್ತಿರ ಬೇರೆ ಕಾಗದ ಇದೆಯಲ್ಲ, ಅದರಲ್ಲಿ ಬೈಯಿರಿ ಎಂದು ನಾನೇ ತೆಗೆಸಿದೆ. ಮೇಲಧಿಕಾರಿಗೆ ನನ್ನ ಬಾಯಿ ಕಂಡರೆ ಸ್ವಲ್ಪ ಭಯ.

ಅಂದ ಹಾಗೆ, ಹದವಾದ ಕೈ ಎಂದು ನನಗೆ ಬರೆದಿರಲ್ಲ, ಅದನ್ನು ಅಳಿಯಂದಿರಿಗೆ ಎಂದಾದರೂ ಹೇಳಿದ್ದೀರಾ?

ಒತ್ತಾಯವಿಲ್ಲ, ಆದರೆ ಕಾಯುತ್ತೇನೆ,
ನಿಮ್ಮ ಬೀಗಿತ್ತಿ


ಏಪ್ರಿಲ್ 9

ಬೀಗಿತ್ತಿಯವರೇ,

ಇದರ ಜೊತೆ ನಿಮ್ಮ ಅಚ್ಚಿನ ಕಾಗದ ಎರಡು ಇವೆ, ತುಂಬಿಸಿದವು. ಒಂದು ಡಿಸೆಂಬರಿನದು. ಇನ್ನೊಂದು ಹೋದ ವಾರದ್ದು. ಅದು ನನ್ನದು.

ನಗುವುದಾದರೆ ಈಗಲೇ ನಕ್ಕುಬಿಡಿ, ಆಮೇಲೆ ಮುಂದೆ ಓದಿ.

ಬಟ್ಟೆ ಅಂಗಡಿಗಳ ಸಾಲಿನಲ್ಲಿ ನಾನೇ ಮಷಿನ್ ಮೇಲಿದ್ದೆ. ಫೋನಿನವರ ಕಿತ್ತಳೆ ಗೆರೆ ಕಣ್ಣೆದುರಿಗೇ ಇತ್ತು. ಒಂದು ಮಾರಲ್ಲ, ಅದಕ್ಕಿಂತ ಹೆಚ್ಚೇ ಬಿಟ್ಟು ಬಕೆಟ್ ಇಳಿಸಿದೆ. ಎತ್ತಿದಾಗ ಹಲ್ಲಿಗೆ ಕೇಬಲ್ ಸಿಕ್ಕಿಕೊಂಡು ಜೋತಾಡುತ್ತಿತ್ತು. ಸಾಲಿನ ಅಂಗಡಿಯವರೆಲ್ಲ ಫೋನ್ ಕೈಯಲ್ಲಿ ಹಿಡಿದು ಹೊರಗೆ ಬಂದು ನನ್ನನ್ನು ನೋಡಿದರು. ಇಷ್ಟು ವರ್ಷ ಬೇರೆಯವರಿಗೆ ಹೀಗಾದಾಗ ನಾನೂ ಹೀಗೇ ನೋಡಿದ್ದೆ.

ಫೋನಿನವರ ಇನ್‌ಸ್ಪೆಕ್ಟರ್ ಬಂದರು. ಗೆರೆ ದೂರ ಇದೆಯಲ್ಲ ಸ್ವಾಮಿ ಎಂದೆ. ಗೆರೆ ಸರಿಯಾಗೇ ಇದೆ, ನಿಮ್ಮ ಬಕೆಟ್ಟೇ ಕೇಬಲ್ಲನ್ನು ಅಲ್ಲಿಂದ ಇಲ್ಲಿಗೆ ಎಳೆದಿದೆ ಎಂದರು. ಕೂಲಿಯವರೆಲ್ಲ ಆಕಾಶ ನೋಡುತ್ತಾ ನಿಂತರು. ವಯಸ್ಸಾಯಿತು, ಇನ್ನು ಇಳಿಯಿರಿ ಎಂದು ಯಾರೂ ಬಾಯಿಬಿಟ್ಟು ಅನ್ನಲಿಲ್ಲ, ಅಷ್ಟೇ ವ್ಯತ್ಯಾಸ. ಆಗ ನಿಮ್ಮ ಅಳಿಯ ಗುದ್ದಲಿ ಕೆಳಗೆ ಹಾಕಿ ಇನ್‌ಸ್ಪೆಕ್ಟರ್ ಎದುರು ಹೋಗಿ ಏನೋ ಹೇಳಿದ. ನನಗೆ ಕೇಳಿಸಲಿಲ್ಲ. ನಮ್ಮ ತಂಡದಲ್ಲಿ ಒಬ್ಬನಿದ್ದಾನೆ, ಅವನ ದನಿ ಒಂದೇ ನನ್ನ ಕಿವಿಗೆ ಬೀಳುವುದು, ಅದಕ್ಕೇ ಎಲ್ಲರೂ ಅವನನ್ನು ಗಂಟಲು ಎಂದು ಕರೆಯುವುದು. ಅವನು ನನ್ನ ಕಿವಿಯ ಹತ್ತಿರ ಬಂದು, ಮಗ ಹೇಳಿದ್ದನ್ನು ಹಾಗೇ ಒಪ್ಪಿಸಿದ. "ಅಪ್ಪ ಗೆರೆಯಿಂದ ದೂರಾನೇ ಅಗೆದಿದ್ದಾರೆ. ನಾನು ನೋಡ್ತಾನೇ ಇದ್ದೆ. ಅವರು ದೂರ ಅಂದ್ರೆ ದೂರಾನೇ."

ಬೀಗಿತ್ತಿಯವರೇ, ನನಗೆ ಅಲ್ಲೇ ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಕೇಬಲ್ ಕಡಿದದ್ದಕ್ಕಲ್ಲ. ನಾಲ್ಕು ತಿಂಗಳ ಹಿಂದೆ ಅವನು ಇದೇ ಮಾತು ಹೇಳಿದಾಗ ನನ್ನ ಬಾಯಿಂದ ಬಂದದ್ದೇನು ಎಂಬುದು ನಿಮಗೆ ಬರೆದಿದ್ದೇನಲ್ಲ.

ನಿಮ್ಮ ಮೂರು ಮಾತಿಗೂ ಉತ್ತರ ತುಂಬಿಸಿದ್ದೇನೆ. ಎರಡೂ ಕಡೆ ಹಾಸುಗಲ್ಲಿನ ನೆಲವೇ. ಫೋನಿನವರ ಕಡೆ ಬಣ್ಣ ಹಚ್ಚಿದವನಿಗೆ ಕೈ ನಡುಗುತ್ತದೆಯೋ ಏನೋ ಕೇಳಿ. ಗೆರೆ ಎಂದರೆ ಉದ್ದಕ್ಕೆ ಎಳೆದದ್ದಲ್ಲ, ಅಲ್ಲೊಂದು ಇಲ್ಲೊಂದು ತುಂಡು, ಅದು ಸರಿ. ಆದರೆ ಒಂದು ಕಲ್ಲಿನ ಮೇಲೆ ತುಂಡು ನೇರವಾಗಿದೆ, ಅದರಾಚೆಯ ಕಲ್ಲಿನ ಮೇಲೆ ಅಡ್ಡಡ್ಡ ಮಲಗಿದೆ. ಎಂಥ ಕೆಲಸ ಇದು?

ಮುಖ ಸಣ್ಣಗೆ ಮಾಡಿಕೊಂಡಿರುವ,
ನಿಮ್ಮ ಬೀಗ


ಏಪ್ರಿಲ್ 30

ಬೀಗರೇ,

ನಗಲಿಲ್ಲ, ನಿಜವಾಗಿ. ಕೂತು ಓದಿ, ಇದು ಸ್ವಲ್ಪ ಉದ್ದದ ಕಾಗದ.

ನೀವು ಕಳಿಸಿದ ಮೇಲೆ ನಿಮ್ಮ ಹೆಸರು ಹೇಳದೆ, ಒಬ್ಬ ಹಿರಿಯ ಕಂಟ್ರಾಕ್ಟರ್ ತಮ್ಮ ಏಟನ್ನು ತಾವೇ ಬರೆದು ಕಳಿಸಿದ್ದಾರೆ ಎಂದು ಉಳಿದವರಿಗೆ ಹೇಳಿಕೊಂಡು ತಿರುಗಿದೆ. ಅವರು ಕಳಿಸಿದರೆ ನಮಗೇನು ಧಾಡಿ ಎಂದು ಒಬ್ಬೊಬ್ಬರೇ ಕಳಿಸಲು ಶುರು ಮಾಡಿದರು. ನಾಲ್ಕೂ ಇಲಾಖೆಯವರ ಬೀರುಗಳಿಂದಲೂ ಹಳೆಯದನ್ನು ತೆಗೆಸಿದೆ. ಎಲ್ಲವನ್ನೂ ಒಂದೇ ಕಡೆ ಹಾಕಿ ನೋಡಿದರೆ, ಅರ್ಧಕ್ಕಿಂತ ಹೆಚ್ಚು ಏಟು ಬಿದ್ದದ್ದು ಹಾಸುಗಲ್ಲಿನ ಬೀದಿಗಳಲ್ಲಿ. ಟಾರು ರಸ್ತೆಯೇ ಹೆಚ್ಚಿರುವ ಊರುಗಳಲ್ಲಿ ಹೀಗೇಕೆ? ಗ್ಯಾಸಿನವರ ಬೀರುವಿನಲ್ಲಿ ಇಂಥ ಏಟು ಇದ್ದದ್ದು ಒಂದೋ ಎರಡೋ, ಫೋನಿನವರ ಹತ್ತಿರ ಒಂದೆರಡು. ಒಂದೆರಡು ಇದ್ದಾಗ ಯಾರಿಗಾದರೂ ಅಗೆದವನ ಕಣ್ಣೇ ಕಾಣುತ್ತದೆ, ಕಲ್ಲು ಕಾಣುವುದಿಲ್ಲ.

ಆದರೂ ನನಗೆ ತಲೆಬುಡ ಅರ್ಥವಾಗಲಿಲ್ಲ. ನಿಮ್ಮ ಅಡ್ಡಡ್ಡ ಮಲಗಿದ ತುಂಡು ಮಾತ್ರ ತಲೆಯಲ್ಲಿ ಕೊರೆಯುತ್ತಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ನಮ್ಮ ಕಚೇರಿಯ ಹಿಂದಿನ ಬೀದಿಗೆ ಹೋದೆ. ಅದೂ ಹಾಸುಗಲ್ಲಿನದೇ. ನೀರಿನ ಪೈಪಿನ ನೀಲಿ ಗೆರೆ ನೋಡುತ್ತಾ ನಡೆದರೆ, ಪೈಪು ನೇರವಾಗಿ ಹೋಗಿ, ತಟ್ಟನೆ ತಿರುಗಿ, ದರ್ಜಿ ಅಂಗಡಿಯ ಬಾಗಿಲಿನೊಳಗೆ ನುಗ್ಗುವ ಹಾಗಿದೆ. ನಿಮ್ಮ ಅಂಗಡಿಯೊಳಗೆ ದೊಡ್ಡ ಪೈಪು ಬಂದಿದೆಯೇ ಎಂದು ದರ್ಜಿಯನ್ನು ಕೇಳಿದೆ. ಅವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಕುಡಿಯಲು ನೀರು ಕೊಟ್ಟರು.

ಬೀದಿಯ ಕೊನೆಯಲ್ಲಿ ಕಲ್ಲು ಹಾಸುವವರು ಕೆಲಸ ಮಾಡುತ್ತಿದ್ದರು. ದೀಪದ ಕಂಬ ನೆಡಲು ಕಿತ್ತ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿಟ್ಟು, ಈಗ ಮತ್ತೆ ಕೂರಿಸುತ್ತಿದ್ದಾರೆ. ಪೇರಿಕೆಯ ಮೇಲಿನ ಕಲ್ಲಿನಲ್ಲಿ ನೀಲಿ ತುಂಡು ಇತ್ತು. ಮೇಸ್ತ್ರಿ ಅದನ್ನು ಎತ್ತಿ, ಕೈಗೆ ಹತ್ತಿರವಿದ್ದ ಜಾಗದಲ್ಲಿ ಕೂರಿಸಿ, ಸುತ್ತಿಗೆಯ ಹಿಡಿಯಿಂದ ಎರಡು ಸಲ ತಟ್ಟಿದರು. ಅದು ಮೊದಲು ಅಲ್ಲೇ ಇತ್ತೇ ಎಂದು ಕೇಳಿದೆ. "ಕಲ್ಲು ಕಲ್ಲೇ ಅಲ್ವಾ ಅಮ್ಮಾ, ಯಾವುದು ಎಲ್ಲಿ ಕೂತ್ರೇನು? ಮಟ್ಟ ಸರಿ ಇದ್ರೆ ಆಯ್ತು," ಎಂದರು. ಏನು ಹೇಳಲಿ? ಅವರ ಮಟ್ಟ ಸರಿಯಾಗೇ ಇತ್ತು, ಕೈಯಿಟ್ಟು ನೋಡಿದೆ.

ಬೀಗರೇ, ಗೆರೆ ಎಳೆದವನು ಸರಿಯಾಗಿ ಎಳೆದಿದ್ದಾನೆ. ಕಲ್ಲು ಹಾಸಿದವರು ಸರಿಯಾಗಿ ಹಾಸಿದ್ದಾರೆ. ನೀವು ಒಂದು ಮಾರು ಬಿಟ್ಟು ಅಗೆದಿದ್ದೀರಿ. ನಡುವೆ ಗೆರೆ ಕಲ್ಲಿನ ಜೊತೆ ಎದ್ದು ಬೇರೆ ಕಡೆ ಹೋಗಿ ಕೂತಿದೆ. ನಿಮ್ಮ ಊರಿನ ರಸ್ತೆ ಕಚೇರಿಗೆ ಬರೆದು ವಿಚಾರಿಸಿದೆ. ಬೇಕರಿ ಬೀದಿಯಲ್ಲೂ ಬಟ್ಟೆ ಅಂಗಡಿಗಳ ಸಾಲಿನಲ್ಲೂ ಗೆರೆ ಎಳೆದ ಮೇಲೆ, ನೀವು ಅಗೆಯುವ ಮುಂಚೆ, ದೀಪದ ಕಂಬಕ್ಕಾಗಿ ಕಲ್ಲು ಕಿತ್ತು ಮತ್ತೆ ಹಾಸಿದ್ದಾರೆ.

ಇನ್ನು ಮುಂದೆ ಕಲ್ಲಿನ ಬೀದಿಯಲ್ಲಿ ಗುರುತನ್ನು ಅಂಚಿನ ಗೋಡೆಯ ಮೇಲೆ ಹಾಕಬೇಕು, ಅಗೆಯುವ ದಿನ ಮತ್ತೊಮ್ಮೆ ಯಂತ್ರ ಹಿಡಿದು ನಡೆಯಬೇಕು ಎಂದು ನಾಲ್ಕೂ ಕಡೆಯವರು ಒಪ್ಪಿದ್ದಾರೆ. ಗ್ಯಾಸಿನವರು ಗೊಣಗುತ್ತಾ ಒಪ್ಪಿದರು, ಒಪ್ಪಿದ್ದು ಮುಖ್ಯ.

ನನ್ನ ಅಳಿಯಂದಿರ ತಪ್ಪಿಲ್ಲ. ನಿಮ್ಮದೂ ಇಲ್ಲ. ಬೈದದ್ದು ಎಲ್ಲರೆದುರಿಗೆ ತಾನೇ? ಇದನ್ನೂ ಎಲ್ಲರೆದುರಿಗೇ ಹೇಳಿ.

ಇಂದು ಬಹಳ ಖುಷಿಯಲ್ಲಿರುವ,
ನಿಮ್ಮ ಬೀಗಿತ್ತಿ


ಜೂನ್ 4

ಬೀಗರೇ,

ಒಂದು ತಿಂಗಳಾಯಿತು, ನಿಮ್ಮಿಂದ ಒಂದಕ್ಷರವಿಲ್ಲ. ಅಳಿಯಂದಿರು ಇನ್ನೂ ಗ್ರೀಸ್ ಡಬ್ಬದ ಪಕ್ಕದಲ್ಲೇ ಇದ್ದಾರೆ ಎಂದು ಮಗಳು ನಿನ್ನೆ ಹೇಳಿದಳು. ನನ್ನ ಕಾಗದ ತಲುಪಿತೇ? ತಲುಪಿದ್ದರೆ, ಅವರಿಗೆ ಹೇಳಿದಿರಾ, ಇಲ್ಲವಾ? ಕೋಣನ ಮುಂದೆ ಕಿನ್ನರಿ ಬಾರಿಸಿದೆನೇ ಎಂದು ಕೇಳುವ ಮನಸ್ಸಾಗುತ್ತಿದೆ. ನೀವು ಬೀಗರಾದ್ದರಿಂದ ಕೇಳುತ್ತಿಲ್ಲ.

ಉತ್ತರಕ್ಕೆ ಕಾದಿರುವ,
ನಿಮ್ಮ ಬೀಗಿತ್ತಿ


ಜೂನ್ 13

ಬೀಗಿತ್ತಿಯವರೇ,

ಕೋಣ ಎಂದರೂ ಬೇಸರವಿಲ್ಲ. ನನ್ನ ಮನೆಯಾಕೆ ಇತ್ತೀಚೆಗೆ ಅದಕ್ಕಿಂತ ದೊಡ್ಡ ಪ್ರಾಣಿಯ ಹೆಸರು ಹೇಳುತ್ತಿದ್ದಾಳೆ.

ಹೇಳಿದೆ. ನಿಮ್ಮ ಕಾಗದ ಬಂದ ಮರುದಿನ ಬೆಳಿಗ್ಗೆಯೇ ಶೆಡ್ಡಿನಲ್ಲಿ ತಂಡದವರನ್ನೆಲ್ಲ ನಿಲ್ಲಿಸಿ ಗಂಟಲಿನ ಕೈಲಿ ಜೋರಾಗಿ ಓದಿಸಿದೆ. ಕಲ್ಲಿನ ವಿಷಯ ಬಂದಾಗ ಎಲ್ಲರೂ ಹೋ ಎಂದರು. ಒಬ್ಬ ನಿಮ್ಮ ಅಳಿಯನ ಬೆನ್ನು ತಟ್ಟಿದ. ನಾನು, ಇನ್ನು ಮಷಿನ್ ಹತ್ತು ಮಾರಾಯ, ನನ್ನ ಮಂಡಿ ಉಳಿಸು ಎಂದೆ. ಅವನು ನಕ್ಕ. ಹತ್ತಲಿಲ್ಲ.

ಎಲ್ಲರೂ ಹೋದ ಮೇಲೆ ಕೇಳಿದೆ. ಶೆಡ್ಡಿನಲ್ಲಿ ಮಷಿನ್ ಆರಿಸಿದ್ದರೆ, ಎದುರು ನಿಂತು ನಿಧಾನವಾಗಿ ಹೇಳಿದರೆ ನನಗೆ ಕೇಳುತ್ತದೆ. ನಿನ್ನ ತಪ್ಪಿಲ್ಲ ಎಂದು ಗೊತ್ತಾಯಿತಲ್ಲ, ಇನ್ನೇನು ಎಂದೆ. ಅವನು ಕೈಯಲ್ಲಿದ್ದ ಬಟ್ಟೆಯನ್ನು ಮಡಿಸುತ್ತಾ ಹೇಳಿದ: "ನನ್ನ ತಪ್ಪಿಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು ಅಪ್ಪ. ನಾನು ಹೇಳ್ದಾಗ ನೀವು ನಂಬಲಿಲ್ಲ, ಕಾಗದ ಹೇಳಿದ್ಮೇಲೆ ನಂಬಿದ್ರಿ. ನಾಳೆ ಇನ್ನೊಂದು ಏಟು ಬಿದ್ರೆ, ಕಾಗದ ಬರೋ ತನಕ ನಾನು ಏನಾಗಿರ್ಬೇಕು?"

ಕೋಪದಲ್ಲಿ ಹೇಳಲಿಲ್ಲ. ಕೋಪದಲ್ಲಿ ಹೇಳಿದ್ದರೆ ನಾನೂ ಎರಡು ಮಾತು ಬಿಗಿಯುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಹೇಳಿ, ನನಗೆ ಚಹಾ ಬಸಿದು ಕೊಟ್ಟು, ಟೈರಿಗೆ ಗಾಳಿ ತುಂಬಿಸಲು ಹೋದ.

ಅದಕ್ಕೇ ಬರೆಯಲಿಲ್ಲ. ಏನೆಂದು ಬರೆಯಲಿ? ಅವನು ಕೇಳಿದ್ದು ನ್ಯಾಯವಾಗಿದೆ. ನಿಮ್ಮ ಕೋಣೆಯಲ್ಲಿ ಇಷ್ಟೆಲ್ಲ ಕೂಡಿಹಾಕಿದ್ದೀರಿ, ಇದಕ್ಕೆ ಉತ್ತರ ಏನಾದರೂ ಸಿಗುವುದೇ ನೋಡಿ.

ಬುದ್ಧಿ ತೋಚದ,
ನಿಮ್ಮ ಬೀಗ


ಜೂನ್ 22

ಬೀಗರೇ,

ನಮ್ಮ ಕೋಣೆಗೆ ಬರುವುದು ಏಟು ಬಿದ್ದ ಮೇಲಿನ ಮಾತು. ಅಳಿಯಂದಿರು ಕೇಳಿದ್ದು ಅದಕ್ಕೂ ಮುಂಚಿನದು. ಹುಡುಕಿದೆ, ಇಲ್ಲಿಲ್ಲ. ಸುಳ್ಳು ಸಮಾಧಾನ ಹೇಳುವವಳು ನಾನಲ್ಲ.

ಕಾಗದವನ್ನು ಎಲ್ಲರೆದುರಿಗೆ ಓದಿಸಿದಿರಲ್ಲ, ಅದು ಸಣ್ಣ ಮಾತಲ್ಲ. ಕೋಣ ಎಂದದ್ದನ್ನು ವಾಪಸ್ ತೆಗೆದುಕೊಂಡಿದ್ದೇನೆ. ನಿಮ್ಮ ಮನೆಯವರು ಹೇಳಿದ ಪ್ರಾಣಿಯ ವಿಷಯದಲ್ಲಿ ನಾನು ತಲೆಹಾಕುವುದಿಲ್ಲ.

ಇಲ್ಲಿ ಕೆಲಸ ಚೆನ್ನಾಗಿ ನಡೆದಿದೆ. ಕೋಣೆಗೆ ಇನ್ನೊಬ್ಬರನ್ನು ಕೊಟ್ಟಿದ್ದಾರೆ. ದರ್ಜಿ ಈಗ ನನ್ನನ್ನು ಕಂಡರೆ, ಪೈಪು ಇನ್ನೂ ಬಂದಿಲ್ಲ ಎಂದು ತಾವೇ ಹೇಳುತ್ತಾರೆ. ಶುದ್ಧ ಕೈಯ ಕಂಟ್ರಾಕ್ಟರ್ ಕೂಡ ತಮ್ಮ ಎರಡು ಏಟುಗಳನ್ನು ಬರೆದು ಕಳಿಸಿದ್ದಾರೆ, ಅಕ್ಷರ ಬಹಳ ಮುದ್ದಾಗಿದೆ.

ಮಂಡಿಗೆ ಬಿಸಿನೀರು ಹಾಕಿಕೊಳ್ಳಿ,
ನಿಮ್ಮ ಬೀಗಿತ್ತಿ


ಆಗಸ್ಟ್ 17

ಬೀಗಿತ್ತಿಯವರಿಗೆ ನಮಸ್ಕಾರಗಳು.

ನಿಮ್ಮ ಮಗಳು ಆಗಲೇ ಫೋನಿನಲ್ಲಿ ಎಲ್ಲ ಹೇಳಿರುತ್ತಾಳೆ. ಆದರೆ ಅವಳು ಅಲ್ಲಿರಲಿಲ್ಲ, ನಾನಿದ್ದೆ. ಅದಕ್ಕೇ ನನ್ನ ಬಾಯಿಂದಲೂ ಕೇಳಿ.

ಮೊನ್ನೆ ಆಸ್ಪತ್ರೆಯ ಪಕ್ಕದ ರಸ್ತೆಯಲ್ಲಿ ಕೆಲಸ. ಹೊಸ ನೀರಿನ ಪೈಪು ಕೂರಿಸಿ ಸಂಜೆಯೊಳಗೆ ನೀರು ಬಿಡಬೇಕಿತ್ತು. ಟಾರು ರಸ್ತೆ, ಕಲ್ಲಿನ ರಗಳೆಯಿಲ್ಲ. ನಾಲ್ಕೂ ಕಡೆಯವರು ಬೆಳಿಗ್ಗೆಯೇ ಯಂತ್ರ ಹಿಡಿದು ನಡೆದು, ನಾವು ಅಗೆಯುವ ಜಾಗದಲ್ಲಿ ಒಳಗೇನೂ ಇಲ್ಲ ಎಂದು ಹೇಳಿ ಹೋಗಿದ್ದರು. ನಿಮ್ಮ ಹಳೆಯ ಕಚೇರಿಯ ಇನ್‌ಸ್ಪೆಕ್ಟರ್ ನಕ್ಷೆ ಹಿಡಿದು ಪಕ್ಕದಲ್ಲೇ ನಿಂತಿದ್ದರು. ನಾನು ಮಷಿನ್ ಮೇಲೆ. ಮಗ ಕೆಳಗೆ ಗುದ್ದಲಿ ಹಿಡಿದು ಬಕೆಟ್ಟಿನ ಮುಂದೆ ಮಣ್ಣು ನೋಡುತ್ತಿದ್ದ. ಒಂದು ಕಡೆ ಬಂದಾಗ ಕೈ ಎತ್ತಿ ನಿಲ್ಲಿಸಿದ.

ಇಲ್ಲಿಯ ಮಣ್ಣಿನ ಬಣ್ಣ ಬೇರೆ, ಹಿಂದೆ ಯಾರೋ ಅಗೆದು ಮುಚ್ಚಿದ್ದಾರೆ, ಕೆಳಗೆ ಏನೋ ಇರಬಹುದು, ಬಕೆಟ್ ಬೇಡ ಎಂದ. ಗಂಟಲು ನನಗೆ ಮುಟ್ಟಿಸಿದ. ಇನ್‌ಸ್ಪೆಕ್ಟರ್ ನಕ್ಷೆ ಬಿಡಿಸಿ ತೋರಿಸಿದರು, ಏನೂ ಇಲ್ಲ. ಯಂತ್ರದವರನ್ನು ಮತ್ತೆ ಕರೆಸಿದರು, ಅವರು ಎರಡು ಸಲ ನಡೆದರು, ಏನೂ ಇಲ್ಲ. ಹೊತ್ತು ಏರುತ್ತಿತ್ತು. ಬಕೆಟ್ಟಿನಲ್ಲಿ ಅಗೆದರೆ ಒಂದು ಗಳಿಗೆಯ ಕೆಲಸ, ಕೈಯಲ್ಲಿ ಅಗೆದರೆ ಅರ್ಧ ದಿನ. ಎಲ್ಲರೂ ನನ್ನ ಮುಖ ನೋಡಿದರು. ಮಗ ಮಾತ್ರ ನೋಡಲಿಲ್ಲ. ಅವನು ಮಣ್ಣನ್ನೇ ನೋಡುತ್ತಿದ್ದ.

ನಾನು ಮಷಿನ್ ಆರಿಸಿ, ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡು ಕೆಳಗಿಳಿದೆ. ಇನ್‌ಸ್ಪೆಕ್ಟರ್, ಯಾವ ಆಧಾರದ ಮೇಲೆ ನಿಲ್ಲಿಸುತ್ತೀರಿ ಎಂದು ಕೇಳಿದರು. "ನನ್ನ ಮಗ ಬೇಡ ಅಂದ. ಅದೇ ಆಧಾರ," ಎಂದೆ. ನನಗೆ ಕೇಳದ ಕಾರಣ ನಾನು ಎಷ್ಟು ಜೋರಾಗಿ ಮಾತಾಡುತ್ತೇನೆ ಎಂಬುದು ನನಗೇ ತಿಳಿಯುವುದಿಲ್ಲ. ಆಸ್ಪತ್ರೆಯ ಕಿಟಕಿಯಲ್ಲಿ ನಾಲ್ಕು ಜನ ಇಣುಕಿದ್ದನ್ನು ನೋಡಿದರೆ ಸ್ವಲ್ಪ ಜೋರಾಗೇ ಹೇಳಿರಬೇಕು.

ಕೈಯಲ್ಲೇ ಅಗೆದೆವು. ತಂಡದವರೆಲ್ಲ, ಮಗ, ನಾನು. ಮಂಡಿಯನ್ನು ಆಮೇಲೆ ನೋಡಿಕೊಂಡರಾಯಿತು ಎಂದು ನಾನೂ ಗುಂಡಿಗಿಳಿದೆ. ಇನ್‌ಸ್ಪೆಕ್ಟರ್ ಗಡಿಯಾರ ನೋಡುತ್ತಾ ಮೇಲೆ ನಿಂತಿದ್ದರು. ಊಟದ ಹೊತ್ತು ದಾಟಿತು. ಸೊಂಟದ ಮಟ್ಟಕ್ಕೆ ಹೋದೆವು, ಅದಕ್ಕೂ ಕೆಳಗೆ ಹೋದೆವು.

ಏನೂ ಇರಲಿಲ್ಲ, ಬೀಗಿತ್ತಿಯವರೇ. ಪೈಪಿಲ್ಲ, ತಂತಿಯಿಲ್ಲ, ತುಂಡು ಕಬ್ಬಿಣವೂ ಇಲ್ಲ. ಒಂದು ಹಳೆಯ ಬೂಟು ಸಿಕ್ಕಿತು, ಅದೂ ಒಂಟಿ. ಯಾರೋ ಎಂದೋ ಸುಮ್ಮನೆ ಅಗೆದು ಮುಚ್ಚಿದ ಗುಂಡಿ. ಕೂಲಿಯವರು ಗುದ್ದಲಿ ಊರಿ ನಿಂತರು. ಇನ್‌ಸ್ಪೆಕ್ಟರ್ ನಕ್ಷೆಯನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡರು. ಮಗನ ಮುಖ ಇಷ್ಟೇ ಇಷ್ಟಾಗಿತ್ತು. ನನ್ನ ಎದುರು ಬಂದು ನಿಂತು ನಿಧಾನವಾಗಿ, "ಏನೂ ಇಲ್ಲ ಅಪ್ಪ. ನಾನೇ ತಪ್ಪು ತಿಳ್ಕೊಂಡೆ," ಎಂದ.

"ಇಲ್ಲ ಅಂತ ಗೊತ್ತಾಯ್ತಲ್ಲ, ಸರಿ. ನಾಳೆ ನೀನು ಬೇಡ ಅಂದ್ರೆ ನಾಳೆನೂ ನಿಲ್ಲಿಸ್ತೀನಿ," ಎಂದೆ.

ಇದನ್ನು ನಾನು ಮೊದಲೇ ಯೋಚಿಸಿ ಹೇಳಿದ್ದಲ್ಲ. ಬಾಯಿಗೆ ಬಂತು, ಹೇಳಿದೆ. ಆಮೇಲೆ ಅವನೊಬ್ಬನೇ ಗುಂಡಿಯಿಂದ ಹತ್ತಿ, ಮೇಲೆ ನಿಂತು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ನನ್ನ ಕಡೆ ಚಾಚಿದ. ಮೇಲೆತ್ತಲು ಚಾಚಿದ್ದಾನೆ ಎಂದು ನಾನು ನನ್ನ ಕೈ ಕೊಟ್ಟೆ. ಅವನು ತಲೆಯಾಡಿಸಿದ.

"ಕೈ ಅಲ್ಲ ಅಪ್ಪ," ಎಂದ, "ಕೀಲಿ ಕೊಡಿ."

ಕೊಟ್ಟೆ. ನನ್ನನ್ನು ಗಂಟಲು ಮೇಲೆಳೆದ. ಎಲ್ಲರೂ ಗುಂಡಿಯಿಂದ ದೂರ ಹೋದರೇ ಎಂದು ಅವನು ಸೀಟಿನ ಮೇಲಿಂದ ಎರಡು ಸಲ ನೋಡಿದ. ಆಮೇಲೆ ಕೀಲಿ ತಿರುಗಿಸಿದ, ನನ್ನ ಕಾಲ ಕೆಳಗೆ ನೆಲ ಸಣ್ಣಗೆ ಅದುರಿತು.

ನೀರು ಬಿಡಲು ಸ್ವಲ್ಪ ತಡವಾಯಿತೆಂದು ನಿಮ್ಮ ಹಳೆಯ ಕಚೇರಿಯವರು ದೂರಿದರೆ, ನನ್ನ ಹೆಸರನ್ನೇ ಹೇಳಿ,
ನಿಮ್ಮ ಬೀಗ